ಫ್ಲ್ಯಾಟೋ, ಸೈಟೋ, ಜಮೀನೋ? ಮೊದಲ ಸಲ ಆಸ್ತಿಗೆ ದುಡ್ಡು ಹಾಕುವವರಿಗೆ

ನನ್ನ ಚಿಕ್ಕಪ್ಪ ಬೆಂಗಳೂರಿನ ಹೊರವಲಯದಲ್ಲಿ ಒಂದು 30×40 ಸೈಟು ತಗೊಂಡಿದ್ದರು. ರೆವಿನ್ಯೂ ಸೈಟು, ಅಂದರೆ ಕೃಷಿ ಜಮೀನನ್ನೇ ತುಂಡು ಮಾಡಿ ಮಾರಿದ್ದು. ಚೀಟಿ ಎತ್ತಿ, ಚಿಕ್ಕಮ್ಮನ ಬಳೆ ಅಡವಿಟ್ಟು, ಪೂರ್ತಿ ದುಡ್ಡು ಕೊಟ್ಟು ರಿಜಿಸ್ಟರ್ ಮಾಡಿಸಿಕೊಂಡರು. ಎಂಟು ವರ್ಷದ ಮೇಲೆ ಮಗಳ ಓದಿಗೆ ದುಡ್ಡು ಬೇಕಾಗಿ ಮಾರಲು ಹೊರಟರು. ಕೊಳ್ಳುವವರು ಬಂದರು, ಸೈಟು ಇಷ್ಟಪಟ್ಟರು, ರೇಟೂ ಕುದುರಿತು. ಆಮೇಲೆ ಅವರ ಬ್ಯಾಂಕಿನ ವಕೀಲರು ಕಾಗದ ನೋಡಿ, ಜಮೀನು ಕನ್ವರ್ಷನ್ (ಕೃಷಿಯಿಂದ ಕೃಷಿಯೇತರಕ್ಕೆ ಬದಲಾವಣೆ) ಆಗಿಲ್ಲ, ಬಡಾವಣೆಗೆ ಮಂಜೂರಾತಿ ಇಲ್ಲ, ಸಾಲ ಕೊಡೋಕಾಗಲ್ಲ ಅಂದರು. ಮತ್ತೊಬ್ಬರು ಬಂದರು, ಅದೇ ಮಾತು. ಕೊನೆಗೆ ಕೈಯಲ್ಲೇ ಪೂರ್ತಿ ದುಡ್ಡಿದ್ದ ಒಬ್ಬರು ಸಿಕ್ಕರು, ಅವರು ಕೇಳಿದ ರೇಟಿಗೆ ಕೊಡಬೇಕಾಯಿತು. ಚಿಕ್ಕಪ್ಪನಿಗೆ ಅವಸರ ಇದೆ, ಬೇರೆ ಗಿರಾಕಿ ಇಲ್ಲ ಅನ್ನೋದು ಅವರಿಗೆ ಗೊತ್ತಿತ್ತು.

ಅವತ್ತಿನಿಂದ ಯಾರೇ ಆಸ್ತಿ ಬಗ್ಗೆ ಕೇಳಿದರೂ ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ: ನಾಳೆ ಇದನ್ನು ನಿಮ್ಮಿಂದ ಕೊಳ್ಳುವವರಿಗೆ ಬ್ಯಾಂಕು ಸಾಲ ಕೊಡುತ್ತಾ? ನಿಮಗೆ ಇವತ್ತು ಸಾಲ ಬೇಡದೇ ಇರಬಹುದು, ಆದರೂ ಈ ಪ್ರಶ್ನೆ ಬಿಡಬೇಡಿ. ಸಾಲದ ಲೆಕ್ಕ ಮತ್ತು ಕಾಗದದ ಲೆಕ್ಕ ಬೇರೆ ಬೇರೆ ಅಂತ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಎರಡೂ ಒಂದೇ. ಅದಕ್ಕೇ ಕೆಳಗೆ ಒಂದೊಂದು ಆಯ್ಕೆಯನ್ನೂ ಎರಡೂ ಕಡೆಯಿಂದ ಒಟ್ಟಿಗೆ ನೋಡಿದ್ದೇನೆ. ಉದಾಹರಣೆಗಳೆಲ್ಲ ಕರ್ನಾಟಕದವು.

ಮೊದಲು ಕೈಯಿಂದ ಎಷ್ಟು ಹೋಗುತ್ತದೆ ನೋಡಿ

"ಬ್ಯಾಂಕು ಶೇ 90 ಕೊಡುತ್ತಂತೆ" ಅಂತ ಯಾರೋ ಹೇಳಿದ್ದನ್ನು ನಂಬಿ ಅಡ್ವಾನ್ಸ್ ಕೊಟ್ಟು ಸಿಕ್ಕಿಹಾಕಿಕೊಂಡವರು ತುಂಬಾ ಜನ ಇದ್ದಾರೆ. ರಿಸರ್ವ್ ಬ್ಯಾಂಕಿನ ನಿಯಮ ಹೀಗಿದೆ: ಗೃಹಸಾಲ 30 ಲಕ್ಷದವರೆಗೆ ಇದ್ದರೆ ಮನೆಯ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕಿಂತ ಜಾಸ್ತಿಯಾದರೆ ಶೇ 75. ಇದು ಗರಿಷ್ಠ ಮಿತಿ. ಬ್ಯಾಂಕು ಇಷ್ಟು ಕೊಡಲೇಬೇಕು ಅಂತೇನಿಲ್ಲ. ನಿಮ್ಮ ಸಂಬಳ, ಸಿಬಿಲ್ ಸ್ಕೋರು (ಹಿಂದಿನ ಸಾಲ ಹೇಗೆ ತೀರಿಸಿದ್ದೀರಿ ಅನ್ನೋದರ ಅಂಕ), ಈಗಾಗಲೇ ಕಟ್ಟುತ್ತಿರುವ ಕಾರಿನ ಕಂತು ಎಲ್ಲ ನೋಡಿ ಕಡಿಮೆ ಮಾಡಬಹುದು. ರಿಜಿಸ್ಟ್ರೇಷನ್ ಖರ್ಚನ್ನು ಸಾಮಾನ್ಯವಾಗಿ ಈ ಬೆಲೆಗೆ ಸೇರಿಸುವುದಿಲ್ಲ. ಆ ದುಡ್ಡು ನಿಮ್ಮ ಕೈಯಿಂದಲೇ ಹೋಗಬೇಕು.

ಆ ಖರ್ಚು ಸಣ್ಣದಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಮತ್ತು ಸರ್‌ಚಾರ್ಜು ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6. ಕಡಿಮೆ ಬೆಲೆಯ ಹೊಸ ಫ್ಲ್ಯಾಟುಗಳಿಗೆ ಮುದ್ರಾಂಕದಲ್ಲಿ ರಿಯಾಯಿತಿ ಇದೆ, ನಿಮ್ಮದಕ್ಕೆ ಅನ್ವಯಿಸುತ್ತಾ ಅಂತ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕೇಳಿ. ಈ ಶೇಕಡವನ್ನು ನೀವು ಕೊಟ್ಟ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ (ಆ ಜಾಗಕ್ಕೆ ಸರ್ಕಾರವೇ ನಿಗದಿ ಮಾಡಿದ ಬೆಲೆ) ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಲೆಕ್ಕ ಹಾಕುತ್ತಾರೆ.

60 ಲಕ್ಷದ ಫ್ಲ್ಯಾಟು ಅಂತ ಇಟ್ಟುಕೊಳ್ಳಿ. ಶೇ 80 ಸಾಲ ಸಿಕ್ಕರೆ 48 ಲಕ್ಷ. ಕೈಯಿಂದ 12 ಲಕ್ಷ. ರಿಜಿಸ್ಟ್ರೇಷನ್‌ಗೆ ಸುಮಾರು 4.56 ಲಕ್ಷ. ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಬಾಡಿಗೆಗೆ ಕೊಡೋ ಮೊದಲು ಫ್ಯಾನು, ಗೀಸರು, ವಾರ್ಡ್‌ರೋಬು ಅಂತ ಸೇರಿಸಿದರೆ 18 ಲಕ್ಷ ಇಲ್ಲದೆ ಕೈ ಹಾಕಬಾರದು. ಕಡಿಮೆ ಬಿದ್ದ ದುಡ್ಡಿಗೆ ಪರ್ಸನಲ್ ಲೋನ್ ಮಾಡಿ ಅಂತ ಹೇಳುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಎರಡು ಕಂತು ಒಟ್ಟಿಗೆ ಶುರುವಾದರೆ ಮೊದಲ ವರ್ಷದಲ್ಲೇ ಉಸಿರುಗಟ್ಟುತ್ತದೆ.

ಕಟ್ಟಿ ಮುಗಿದ ಫ್ಲ್ಯಾಟು

ಸಾಲದ ದೃಷ್ಟಿಯಿಂದ ಇದೇ ಸುಲಭ. ಬ್ಯಾಂಕುಗಳಿಗೆ ಅಭ್ಯಾಸವಾದ ದಾರಿ, 20 ವರ್ಷದ ಅವಧಿ ಸಿಗುತ್ತದೆ, ಮರುತಿಂಗಳೇ ಬಾಡಿಗೆ ಶುರುವಾಗಬಹುದು. ಆದರೆ ಬಾಡಿಗೆ ಕಂತನ್ನು ತೀರಿಸುತ್ತದೆ ಅನ್ನೋ ಭ್ರಮೆ ಬೇಡ. ಮೇಲಿನ 48 ಲಕ್ಷಕ್ಕೆ ಶೇ 8.5ರ ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 41,650 ರೂಪಾಯಿ ಕಂತು. ಆ ಫ್ಲ್ಯಾಟಿಗೆ 18 ಸಾವಿರ ಬಾಡಿಗೆ ಬಂತು ಅಂದುಕೊಂಡರೂ ತಿಂಗಳಿಗೆ 23 ಸಾವಿರಕ್ಕಿಂತ ಜಾಸ್ತಿ ನಿಮ್ಮ ಸಂಬಳದಿಂದ ಹೋಗುತ್ತದೆ. ಮೇಂಟೆನೆನ್ಸು, ಆಸ್ತಿ ತೆರಿಗೆ, ವರ್ಷಕ್ಕೊಂದು ತಿಂಗಳು ಖಾಲಿ ಬಿದ್ದದ್ದು ಬೇರೆ. ಇದನ್ನು ಹತ್ತು ವರ್ಷ ತಾಳಿಕೊಳ್ಳೋ ಶಕ್ತಿ ಇದೆಯಾ ಅಂತ ಕೂತು ಲೆಕ್ಕ ಹಾಕಿ.

ಕಾಗದದಲ್ಲಿ ಮೊದಲು ಕೇಳಬೇಕಾದ್ದು ಓಸಿ, ಅಂದರೆ ಸ್ವಾಧೀನಾನುಭವ ಪ್ರಮಾಣಪತ್ರ. ಮಂಜೂರಾದ ನಕ್ಷೆಯಂತೆ ಕಟ್ಟಿದ್ದಾರೆ, ವಾಸಕ್ಕೆ ಅಡ್ಡಿಯಿಲ್ಲ ಅಂತ ಪಾಲಿಕೆ ಕೊಡುವ ಕಾಗದ ಇದು. ನಾಲ್ಕು ಮಹಡಿಗೆ ಅನುಮತಿ ತಗೊಂಡು ಐದು ಕಟ್ಟಿದ ಕಟ್ಟಡಕ್ಕೆ ಅದು ಸಿಗೋದಿಲ್ಲ. ಮೊದಲೆಲ್ಲ "ಓಸಿ ಯಾರ ಹತ್ತಿರ ಇದೆ ಬಿಡಿ" ಅನ್ನುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಓಸಿ ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಓಸಿ ನೋಡಿಯೇ ಸಾಲ ಕೊಡಬೇಕು ಅಂತ ಹೇಳಿದ ಮೇಲೆ ಆ ಮಾತು ನಡೆಯುವುದಿಲ್ಲ. ಐದನೇ ಮಹಡಿಯ ಫ್ಲ್ಯಾಟು 8 ಲಕ್ಷ ಕಡಿಮೆಗೆ ಸಿಗುತ್ತಿದೆ ಅಂದರೆ ಕಾರಣ ಇದೇ ಇರಬಹುದು, ವಿಚಾರಿಸಿ.

ಫ್ಲ್ಯಾಟಿನ ಜೊತೆ ಬರುವ ಜಾಗದ ಅವಿಭಜಿತ ಪಾಲು, ಅಂದರೆ ಕಟ್ಟಡ ನಿಂತ ನೆಲದಲ್ಲಿ ನಿಮ್ಮ ಪಾಲು, ಎಷ್ಟು ಚದರಡಿ ಅನ್ನೋದು ಕ್ರಯಪತ್ರದಲ್ಲಿ ಬರೆದಿರಬೇಕು. ಕಟ್ಟಡ ಹಳೆಯದಾಗುತ್ತಾ ಹೋಗುತ್ತದೆ, ಬೆಲೆ ಏರೋದು ಆ ಜಾಗಕ್ಕೆ.

ಇನ್ನೊಂದು ಮಾತು, ಭೋಗ್ಯದ ಬಗ್ಗೆ. ಬೆಂಗಳೂರಿನಲ್ಲಿ ತುಂಬಾ ಜನ ಫ್ಲ್ಯಾಟನ್ನು ಲೀಸಿಗೆ ಹಾಕಿ, ಬಂದ ಇಡಿಗಂಟನ್ನು ಗೃಹಸಾಲಕ್ಕೆ ಕಟ್ಟಿ ಬಡ್ಡಿ ಉಳಿಸುತ್ತಾರೆ. ಲೆಕ್ಕ ಚೆನ್ನಾಗಿ ಕಾಣುತ್ತದೆ. ಆದರೆ ಎರಡು ಮೂರು ವರ್ಷಕ್ಕೆ ಆ ಗಂಟನ್ನು ವಾಪಸ್ ಕೊಡಬೇಕು, ಹೊಸ ಭೋಗ್ಯದಾರರು ಸಮಯಕ್ಕೆ ಸರಿಯಾಗಿ ಸಿಗದಿದ್ದರೆ ಎಲ್ಲಿಂದ ತರುತ್ತೀರಿ? ಆಸ್ತಿ ಬ್ಯಾಂಕಿಗೆ ಅಡಮಾನ ಇದ್ದಾಗ ಬ್ಯಾಂಕಿಗೆ ತಿಳಿಸದೆ ಇದನ್ನು ಮಾಡೋದು ಸಾಲದ ಕರಾರಿಗೂ ವಿರುದ್ಧ ಆಗಬಹುದು, ಒಳಗಿರುವ ಬಡಪಾಯಿ ಕುಟುಂಬಕ್ಕೂ ಅನ್ಯಾಯ. ಕಂತು ತಪ್ಪಿ ಬ್ಯಾಂಕು ಬಾಗಿಲಿಗೆ ನೋಟಿಸು ಅಂಟಿಸಿದಾಗಲೇ ಎಷ್ಟೋ ಬಾಡಿಗೆದಾರರಿಗೆ ವಿಷಯ ಗೊತ್ತಾಗೋದು.

ಕಟ್ಟುತ್ತಿರುವ ಫ್ಲ್ಯಾಟು

ಬೆಲೆ ಸ್ವಲ್ಪ ಕಡಿಮೆ, ದುಡ್ಡು ಹಂತಹಂತವಾಗಿ ಕೊಡಬಹುದು, ಇದು ಆಕರ್ಷಣೆ. ಆದರೆ ಶೇ 5 ಜಿಎಸ್‌ಟಿ ಸೇರುತ್ತದೆ (45 ಲಕ್ಷದೊಳಗಿನ, ಸಣ್ಣ ಅಳತೆಯ ಮನೆಗಳಿಗೆ ಶೇ 1). ಓಸಿ ಸಿಕ್ಕ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. 60 ಲಕ್ಷಕ್ಕೆ 3 ಲಕ್ಷ ಇದೇ ಆಯಿತು. ಹಾಗಾಗಿ "ಈಗ ಬುಕ್ ಮಾಡಿದರೆ 3 ಲಕ್ಷ ಉಳಿತಾಯ" ಅಂದರೆ ನಿಜವಾಗಿ ಏನೂ ಉಳಿಯಲಿಲ್ಲ ಅಂತಲೇ ಅರ್ಥ.

ಕಟ್ಟಡ ಏಳುತ್ತಾ ಹೋದಂತೆ ಬ್ಯಾಂಕು ಸಾಲ ಬಿಡುಗಡೆ ಮಾಡುತ್ತದೆ. ಅಲ್ಲಿವರೆಗೆ ಬಿಡುಗಡೆಯಾದ ಮೊತ್ತಕ್ಕೆ ಬಡ್ಡಿ ಮಾತ್ರ ಕಟ್ಟಬೇಕು, ಅದಕ್ಕೆ ಪ್ರಿ-ಇಎಂಐ ಅನ್ನುತ್ತಾರೆ. ಅಸಲು ಒಂದು ಪೈಸೆಯೂ ಕಡಿಮೆ ಆಗೋದಿಲ್ಲ, ಇತ್ತ ಬಾಡಿಗೆಯೂ ಇಲ್ಲ. ಕಟ್ಟಡ ಎರಡು ವರ್ಷ ತಡವಾದರೆ ಎರಡು ವರ್ಷದ ಬಡ್ಡಿ ನೀರಿನಲ್ಲಿ ಹೋಮ.

ಇಲ್ಲಿ ರಕ್ಷಣೆ ಅಂದರೆ ರೇರಾ, ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ಕಾಯ್ದೆ. 8ಕ್ಕಿಂತ ಹೆಚ್ಚು ಫ್ಲ್ಯಾಟಿನ, 500 ಚದರ ಮೀಟರಿಗಿಂತ ದೊಡ್ಡ ಜಾಗದ ಯೋಜನೆ ನೋಂದಣಿ ಆಗಿರಲೇಬೇಕು. ಬಿಲ್ಡರು ಗ್ರಾಹಕರಿಂದ ತಗೊಂಡ ದುಡ್ಡಲ್ಲಿ ಶೇ 70ನ್ನು ಆ ಯೋಜನೆಗೆಂದೇ ಬೇರೆ ಖಾತೆಯಲ್ಲಿ ಇಡಬೇಕು. ಮಾರಾಟದ ಕರಾರನ್ನು ನೋಂದಾಯಿಸದೆ ಶೇ 10ಕ್ಕಿಂತ ಜಾಸ್ತಿ ಮುಂಗಡ ಕೇಳೋ ಹಾಗಿಲ್ಲ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ಹೆಸರು ಹಾಕಿದರೆ ಮುಗಿಸುವ ದಿನಾಂಕ, ನಕ್ಷೆ, ದೂರುಗಳು ಎಲ್ಲ ಸಿಗುತ್ತವೆ. ಅದೇ ಬಿಲ್ಡರ ಹಿಂದಿನ ಯೋಜನೆಗಳನ್ನೂ ನೋಡಿ, ಮಾತಿಗಿಂತ ಅದು ಜಾಸ್ತಿ ಹೇಳುತ್ತದೆ. "ಪ್ರಿ-ಲಾಂಚ್ ಆಫರ್, ರೇರಾ ನಂಬರು ಮುಂದಿನ ತಿಂಗಳು ಬರುತ್ತೆ" ಅಂದರೆ ಮುಂದಿನ ತಿಂಗಳೇ ಬರ್ತೀನಿ ಅಂತ ಹೇಳಿ ಎದ್ದು ಬನ್ನಿ. ನಂಬರು ಇಲ್ಲದೆ ಜಾಹೀರಾತು ಕೊಡೋದೇ ಕಾನೂನಿಗೆ ವಿರುದ್ಧ.

ಸೈಟು

ನಮ್ಮವರ ಮನಸ್ಸು ಇರೋದೇ ಇಲ್ಲಿ. ಮೈಸೂರಾಗಲಿ, ತುಮಕೂರಾಗಲಿ, ಹುಬ್ಬಳ್ಳಿಯಾಗಲಿ, ಒಂದು ಸೈಟು ಅಂತ ಇದ್ದರೆ ಧೈರ್ಯ. ಅದರಲ್ಲಿ ತಪ್ಪೇನಿಲ್ಲ, ಜಾಗ ಹಳೆಯದಾಗೋದಿಲ್ಲ. ಆದರೆ ಸಾಲದ ವಿಷಯದಲ್ಲಿ ಸೈಟು ಫ್ಲ್ಯಾಟಿನ ಹಾಗಲ್ಲ. ಸೈಟು ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಸ್ವಲ್ಪ ಜಾಸ್ತಿ, ಅವಧಿ ಕಡಿಮೆ, ಕೈಯಿಂದ ಹಾಕೋ ಪಾಲು ದೊಡ್ಡದು. 40 ಲಕ್ಷದ ಸೈಟಿಗೆ 28 ಲಕ್ಷ ಸಾಲ, ಶೇ 9ರಂತೆ 15 ವರ್ಷ ಅಂದರೆ ತಿಂಗಳಿಗೆ 28,400 ರೂಪಾಯಿ. ಬರೋ ಆದಾಯ ಸೊನ್ನೆ. ಮನೆ ಕಟ್ಟಿ ಮುಗಿಸುವವರೆಗೆ ಬಡ್ಡಿಗೆ ತೆರಿಗೆ ವಿನಾಯಿತಿಯೂ ಇಲ್ಲ. ಕಟ್ಟೋ ಯೋಚನೆ ಖಂಡಿತ ಇದ್ದರೆ ಸೈಟು ಮತ್ತು ಕಟ್ಟಡ ಎರಡಕ್ಕೂ ಸೇರಿದ ಒಂದೇ ಸಾಲ ಕೇಳಿ, ಬಡ್ಡಿ ಗೃಹಸಾಲದ ದರಕ್ಕೆ ಹತ್ತಿರ ಬರುತ್ತದೆ. ಆದರೆ ಬ್ಯಾಂಕು ಹೇಳಿದ ಅವಧಿಯೊಳಗೆ ಕಟ್ಟಲೇಬೇಕು.

ಸೈಟಿನ ಕಾಗದದಲ್ಲಿ ಮೂರು ಮೆಟ್ಟಿಲು. ಕೃಷಿ ಜಮೀನು ಕೃಷಿಯೇತರ ಬಳಕೆಗೆ ಬದಲಾಗಿರಬೇಕು, ಜನ ಹೇಳೋ ಡಿಸಿ ಕನ್ವರ್ಷನ್ ಇದೇ. ಆಮೇಲೆ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ. ಆಮೇಲೆ ರಸ್ತೆ, ಚರಂಡಿ, ಕರೆಂಟು ಮುಗಿದಂತೆ ಪ್ರಾಧಿಕಾರ ಹಂತಹಂತವಾಗಿ ಸೈಟು ಬಿಡುಗಡೆ ಮಾಡುತ್ತದೆ, ನಿಮ್ಮ ಸೈಟು ನಂಬರು ಆ ಬಿಡುಗಡೆ ಪತ್ರದಲ್ಲಿ ಇರಬೇಕು. ಬ್ರೋಕರುಗಳು ಮೊದಲನೆಯದನ್ನು ಮಾತ್ರ ತೋರಿಸಿ "ಕನ್ವರ್ಷನ್ ಆಗಿದೆ ಸಾರ್, ಕ್ಲಿಯರ್" ಅನ್ನುತ್ತಾರೆ. ಕನ್ವರ್ಷನ್ ಒಂದರಿಂದ ಬಡಾವಣೆ ಸಕ್ರಮ ಆಗೋದಿಲ್ಲ.

ಎ ಖಾತೆ, ಬಿ ಖಾತೆ ಗೊಂದಲ ಬೆಂಗಳೂರಿನದು. ಖಾತೆ ಅಂದರೆ ಆಸ್ತಿ ತೆರಿಗೆಗಾಗಿ ಪಾಲಿಕೆ ಇಡುವ ದಾಖಲೆ, ನಿಯಮದಂತೆ ಇರುವ ಆಸ್ತಿಗೆ ಎ ಖಾತೆ. ಬಿ ಖಾತೆ ಅಂದರೆ ತೆರಿಗೆ ಕಟ್ಟಿಸಿಕೊಳ್ಳಲು ಇಟ್ಟ ದಾಖಲೆ, ಆಸ್ತಿಯಲ್ಲಿ ಏನೋ ಒಂದು ನಿಯಮ ತಪ್ಪಿದೆ ಅಂತ ಅರ್ಥ. ಹೆಚ್ಚಿನ ದೊಡ್ಡ ಬ್ಯಾಂಕುಗಳು ಅದಕ್ಕೆ ಸಾಲ ಕೊಡೋದಿಲ್ಲ, ಕೊಡುವ ಫೈನಾನ್ಸ್ ಕಂಪನಿಗಳು ಬಡ್ಡಿ ಜಾಸ್ತಿ ಹಾಕುತ್ತವೆ. 2025ರ ಕೊನೆಯಲ್ಲಿ ಸರ್ಕಾರ ಮಾರ್ಗಸೂಚಿ ಬೆಲೆಯ ಶೇ 5 ಕಟ್ಟಿಸಿಕೊಂಡು ಬಿ ಖಾತೆ ಸೈಟನ್ನು ಎ ಖಾತೆ ಮಾಡಿಕೊಡುವ ಯೋಜನೆ ತಂದಿತು. ಒಳ್ಳೆಯದೇ. ಆದರೆ "ಎ ಆಗುತ್ತೆ" ಅನ್ನೋ ಭರವಸೆ ಮೇಲೆ ಎ ಖಾತೆಯ ರೇಟು ಕೊಡಬೇಡಿ. ಮಾರುವವರೇ ಬದಲಾಯಿಸಿಕೊಂಡು ಬರಲಿ. ಈಗ ನಗರದಲ್ಲಿ ಇ-ಖಾತೆ (ಖಾತೆಯ ಡಿಜಿಟಲ್ ರೂಪ) ಇಲ್ಲದೆ ರಿಜಿಸ್ಟ್ರೇಷನ್ ಆಗೋದೇ ಇಲ್ಲ. ಖಾತೆ ಏನೇ ಇರಲಿ, ಅದು ಮಾಲೀಕತ್ವದ ಪುರಾವೆ ಅಲ್ಲ, ನೆನಪಿಡಿ. ಮಾಲೀಕತ್ವ ಬರೋದು ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳಿಂದ. ಹಾಗೇ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಮೇಲೆ ಮಾರಿದರೆ ಮಾಲೀಕತ್ವ ವರ್ಗವಾಗುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ, ಅಂಥ ಸೈಟು ಎಷ್ಟೇ ಅಗ್ಗವಾದರೂ ಬೇಡ.

ತಗೊಂಡ ಮೇಲೆ ಬೇಲಿ ಹಾಕಿ, ಬೋರ್ಡು ನೆಡಿ, ವರ್ಷಕ್ಕೆರಡು ಸಲ ಹೋಗಿ ನೋಡಿ ಬನ್ನಿ. ದೂರದ ಊರಲ್ಲೋ ವಿದೇಶದಲ್ಲೋ ಇರುವವರಿಗೆ ಒತ್ತುವರಿಯ ಭಯ ನಿಜವಾದದ್ದು.

ಕೃಷಿ ಜಮೀನು ಮತ್ತು "ಫಾರ್ಮ್ ಪ್ಲಾಟು"

ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ರೈತರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಇಲ್ಲಿ ಗೃಹಸಾಲ ಇಲ್ಲ, ಹೆಚ್ಚುಕಡಿಮೆ ಎಲ್ಲ ಕೈದುಡ್ಡೇ. ಕಾಗದವೂ ಎಲ್ಲಕ್ಕಿಂತ ತೊಡಕಿನದು. ಪಹಣಿ, ಮ್ಯುಟೇಷನ್ (ಹೆಸರು ಬದಲಾವಣೆಯ ದಾಖಲೆ) ಜೊತೆಗೆ ಪೋಡಿ, ಅಂದರೆ ಅಳತೆ ಮಾಡಿ ಪಾಲು ಬೇರೆ ಮಾಡೋದು, ಆಗಿದೆಯಾ ನೋಡಬೇಕು, ಇಲ್ಲದಿದ್ದರೆ ಒಂದೇ ಸರ್ವೆ ನಂಬರಿನಲ್ಲಿ ಹತ್ತು ಜನರ ಹೆಸರಿದ್ದು ನಿಮ್ಮ ತುಂಡು ಎಲ್ಲಿದೆ ಅಂತಲೇ ಗೊತ್ತಾಗೋದಿಲ್ಲ. ಒಂದು ಭಾಗವನ್ನು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ ಬೇಕು. ಬಿ ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ, ಅದನ್ನೂ ಎಕರೆ ಲೆಕ್ಕದಲ್ಲಿ ಸೇರಿಸಿ ದುಡ್ಡು ಕೇಳುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ, ಆ ಜಮೀನು ಮೂಲದಲ್ಲಿ ಸರ್ಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾ ಅಂತ ನೋಡಿ. ಆಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತ ಅಲ್ಲ. 2023ರ ತಿದ್ದುಪಡಿ ಕಾಲಮಿತಿಯ ಅಡ್ಡಿಯನ್ನೂ ತೆಗೆದಿದೆ. ಜಮೀನು ಮೂಲ ಕುಟುಂಬಕ್ಕೆ ವಾಪಸ್ ಹೋಗಬಹುದು. ಅದು ನ್ಯಾಯವಾದ ಕಾನೂನು, ಆ ಕುಟುಂಬಗಳಿಗೆ ಇರುವ ಒಂದೇ ಆಸರೆ. ಅನುಮತಿ ಪತ್ರ ಇಲ್ಲದಿದ್ದರೆ ಮುಂದುವರಿಯಲೇಬೇಡಿ.

ಕಾಲು ಎಕರೆ, ಐದು ಗುಂಟೆ ಲೆಕ್ಕದಲ್ಲಿ ಮಾರಿ ಕಂಪನಿಯೇ ನೋಡಿಕೊಳ್ಳುವ ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡು ಮೊದಲ ಹೂಡಿಕೆಗೆ ಬೇಡ ಅಂತ ನನ್ನ ಖಚಿತ ಅಭಿಪ್ರಾಯ. ಅಲ್ಲಿ ಮನೆ ಕಟ್ಟೋಕೆ ಕನ್ವರ್ಷನ್ ಬೇಕು, ಮರು ಮಾರಾಟದ ಗಿರಾಕಿಗೆ ಸಾಲ ಸಿಗೋದು ಕಷ್ಟ. ನಮ್ಮ ಪ್ರಶ್ನೆಗೆ ಅಲ್ಲಿ ಉತ್ತರ "ಇಲ್ಲ".

ಯಾವುದೇ ಆದರೂ, ಸಹಿ ಯಾರದ್ದು?

ಕೋರ್ಟಿನಲ್ಲಿರೋ ಎಷ್ಟೋ ಆಸ್ತಿ ಕೇಸುಗಳ ಹಿಂದೆ ಒಂದೇ ಕಥೆ, ಅಣ್ಣತಮ್ಮಂದಿರು ಮಾರಿದರು, ಅಕ್ಕತಂಗಿಯರನ್ನು ಕೇಳಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಕರ್ನಾಟಕ ಇನ್ನೂ ಮೊದಲೇ, 1994ರಲ್ಲೇ ಇಂಥ ತಿದ್ದುಪಡಿ ತಂದಿತ್ತು. 2005ರಲ್ಲಿ ತಂದೆ ಬದುಕಿರಬೇಕಿತ್ತು ಅನ್ನೋ ವಾದವನ್ನೂ 2020ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಹಾಗಾಗಿ ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರ ಸಹಿ ಕ್ರಯಪತ್ರದಲ್ಲಿ ಇದೆಯಾ ನೋಡಿ. "ತಂಗಿ ಮದುವೆಯಾಗಿ ಹೋಗಿದ್ದಾಳೆ, ಅವಳದ್ದೇನೂ ತಕರಾರಿಲ್ಲ" ಅಂದರೆ, ಸಂತೋಷ, ಹಾಗಿದ್ದರೆ ಬಂದು ಸಹಿ ಮಾಡಲಿ. ಅದು ನಿಮ್ಮ ಸುರಕ್ಷತೆಗೆ ಮಾತ್ರ ಅಲ್ಲ, ಆ ಹೆಣ್ಣುಮಗಳ ಹಕ್ಕೂ ಹೌದು.

ಕನಿಷ್ಠ 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಆದರೆ ಇಸಿಯಲ್ಲಿ ಬರೋದು ನೋಂದಣಿಯಾದ ವ್ಯವಹಾರ ಮಾತ್ರ. ಕೋರ್ಟು ಕೇಸು, ಬಾಯಿಮಾತಿನ ಪಾಲು, ರಿಜಿಸ್ಟರ್ ಆಗದ ಅಗ್ರಿಮೆಂಟು ಅದರಲ್ಲಿ ಕಾಣೋದಿಲ್ಲ. ಅದಕ್ಕೇ ಮಾರುವವರ ಹೆಸರು ಹಾಕಿ ಕೋರ್ಟುಗಳ ವೆಬ್‌ಸೈಟು ಇ-ಕೋರ್ಟ್ಸ್‌ನಲ್ಲಿ ಹುಡುಕಿ, ಅಕ್ಕಪಕ್ಕದ ಮನೆಯವರ ಹತ್ತಿರ ಹತ್ತು ನಿಮಿಷ ಮಾತಾಡಿ. ವಕೀಲರು ನಿಮ್ಮವರೇ ಆಗಿರಲಿ, ಬಿಲ್ಡರು ತೋರಿಸಿದವರು ಬೇಡ. ಬ್ಯಾಂಕಿನ ವಕೀಲರು ನೋಡುತ್ತಾರಲ್ಲ ಅಂತ ಸುಮ್ಮನಿರಬೇಡಿ, ಅವರು ನೋಡೋದು ಬ್ಯಾಂಕಿನ ದುಡ್ಡಿನ ಸುರಕ್ಷತೆ.

ಅಡ್ವಾನ್ಸಿನ ವಿಷಯ: ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳೋ ಹಾಗಿಲ್ಲ, ತಗೊಂಡವರಿಗೆ ಅಷ್ಟೇ ಮೊತ್ತದ ದಂಡ. "ಸ್ವಲ್ಪ ಬ್ಲ್ಯಾಕಲ್ಲಿ ಕೊಡಿ" ಅನ್ನುವವರಿಗೆ ಒಪ್ಪಿದರೆ ಕಾಗದದ ಮೇಲಿನ ಬೆಲೆ ಇಳಿಯುತ್ತದೆ, ಅದರ ಜೊತೆ ನಿಮ್ಮ ಸಾಲವೂ ಇಳಿಯುತ್ತದೆ. ಮುಂದೆ ಮಾರಿದಾಗ ಲಾಭ ಜಾಸ್ತಿ ಕಂಡು ತೆರಿಗೆಯೂ ಜಾಸ್ತಿ. (ಎರಡು ವರ್ಷ ಇಟ್ಟುಕೊಂಡು ಮಾರಿದರೆ ಈಗ ಲಾಭದ ಮೇಲೆ ಶೇ 12.5.) 50 ಲಕ್ಷ ಅಥವಾ ಜಾಸ್ತಿ ಬೆಲೆಯ ಆಸ್ತಿಗೆ ಶೇ 1 ಟಿಡಿಎಸ್ (ಮಾರುವವರಿಗೆ ಕೊಡೋ ದುಡ್ಡಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕಟ್ಟೋದು ಕೊಳ್ಳುವವರ ಜವಾಬ್ದಾರಿ. ಮಾರುವವರು ಅಮೆರಿಕದಲ್ಲೋ ದುಬೈನಲ್ಲೋ ನೆಲೆಸಿದವರಾದರೆ ಆ ಕಡಿತ ಇದಕ್ಕಿಂತ ತುಂಬಾ ಜಾಸ್ತಿ, ಆಡಿಟರನ್ನು ಕೇಳದೆ ದುಡ್ಡು ಕಳಿಸಬೇಡಿ. ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿ: ಕಾಗದ ಸರಿಯಿಲ್ಲ ಅಂತ ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡ ಪೂರ್ತಿ ವಾಪಸ್. ಇದಕ್ಕೆ ಒಪ್ಪದವರು ಏನೋ ಮುಚ್ಚಿಡುತ್ತಿದ್ದಾರೆ ಅಂತ ಅರ್ಥ.

ಕೈಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ

ರೀಟ್ ಅಂತ ಇದೆ, ಬಾಡಿಗೆ ಬರುವ ದೊಡ್ಡ ಕಟ್ಟಡಗಳಲ್ಲಿ ತುಂಬಾ ಜನ ಸೇರಿ ದುಡ್ಡು ಹಾಕುವ ಟ್ರಸ್ಟು. ಬೆಂಗಳೂರಿನ ಎಂಬಸಿ ಆಫೀಸ್ ಪಾರ್ಕ್ಸ್ 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂದ ದೇಶದ ಮೊದಲ ರೀಟ್. ಒಂದೇ ಯೂನಿಟ್ಟನ್ನೂ ಕೊಳ್ಳಬಹುದು, ಹಂಚಬಹುದಾದ ಆದಾಯದಲ್ಲಿ ಶೇ 90 ಹೂಡಿಕೆದಾರರಿಗೆ ಹಂಚಲೇಬೇಕು. ಸಾಲ ಬೇಡ, ಇಸಿ ಬೇಡ, ಬೇಕೆಂದಾಗ ಮಾರಬಹುದು. ಬೆಲೆ ಏರಿಳಿಯುತ್ತದೆ, ಸ್ವಂತ ಜಾಗ ಅನ್ನೋ ಸಮಾಧಾನ ಸಿಗೋದಿಲ್ಲ. ಡೌನ್‌ಪೇಮೆಂಟ್ ಕೂಡಿಸುವ ವರ್ಷಗಳಲ್ಲಿ ಆಸ್ತಿ ಮಾರುಕಟ್ಟೆ ಹೇಗೆ ನಡೆಯುತ್ತದೆ ಅಂತ ಕಲಿಯಲು ಸ್ವಲ್ಪ ದುಡ್ಡು ಹಾಕಬಹುದು.

ಹೋದ ತಿಂಗಳು ನನ್ನ ತಂಗಿ ಕೇಳಿದಳು. 15 ಲಕ್ಷ ಕೂಡಿಸಿದ್ದಾಳೆ, ಸಂಬಳ ಪರವಾಗಿಲ್ಲ, ಬೇರೆ ಸಾಲ ಇಲ್ಲ. ಊರು ಮೈಸೂರು. 60 ಲಕ್ಷದ ಫ್ಲ್ಯಾಟು ಬೇಡ ಅಂದೆ, 40 ಲಕ್ಷದೊಳಗೆ ಓಸಿ ಇರುವ ಹಳೆಯ ಫ್ಲ್ಯಾಟೋ, ಪ್ರಾಧಿಕಾರದಿಂದ ಬಿಡುಗಡೆಯಾದ ಸಣ್ಣ ಸೈಟೋ ಹುಡುಕು ಅಂದೆ. ರೆಪೊ ದರಕ್ಕೆ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಜೋಡಿಸಿದ ಸಾಲವನ್ನೇ ಕೇಳು, ಅಂಥ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಇಲ್ಲ, ತೀರಿಸಿದ 30 ದಿನದೊಳಗೆ ಮೂಲ ಪತ್ರಗಳನ್ನು ಬ್ಯಾಂಕು ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತಲೂ ಹೇಳಿದೆ. ಮೊನ್ನೆ ಭಾನುವಾರ ಒಂದು ಸೈಟು ನೋಡಿ ಬಂದಳು, ಜಾಗ ತುಂಬಾ ಇಷ್ಟವಾಗಿದೆಯಂತೆ. ಮಾರುವವರ ವಂಶವೃಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವರಿಬ್ಬರನ್ನೂ ಭೇಟಿಯಾಗಿ ಮಾತಾಡಿದ ಮೇಲೆಯೇ ಟೋಕನ್ ಕೊಡ್ತೀನಿ ಅಂತ ಹೇಳಿ ಬಂದಿದ್ದಾಳೆ.